ಟೈರಿಗೊಂದು ಸಿಪಾಯಿ

ನಮ್ಮ ದೊಡ್ಡಪ್ಪ ಉದ್ದಪ್ಪನವರದು ಸಿಪಾಯಿಯ ನೌಕರಿ, ಸುಬೇದಾರನ ಸಿಟ್ಟು. ಯಮಕನಮರಡಿಯ ನಮ್ಮ ಕೇರಿಗೆ ಸರಕಾರಿ ಪಗಾರ ತಂದ ಮೊದಲ ಮನುಷ್ಯ ಅವರೇ. ಖಾಕಿ ಅಂಗಿ ತೊಟ್ಟು ಹೊರಟರೆಂದರೆ ಎದುರಿಗೆ ಬಂದವರು ದಾರಿ ಬಿಡಬೇಕೆಂಬ ಹಟ. ಅವರು ಬಿಡದಿದ್ದರೆ ಇವರೂ ಬಿಡುತ್ತಿರಲಿಲ್ಲ. ಇಬ್ಬರೂ ಎದುರುಬದುರು ನಿಂತದ್ದನ್ನು ನೋಡಿ ಊರು ನಗುತ್ತಿತ್ತು. ನಗಲಿ. ಗೌಡರ ಮನೆಯ ಎತ್ತಿಗೂ ದಾರಿ ಬಿಟ್ಟು ಚರಂಡಿಗಿಳಿದು ನಿಂತವರ ಮಗ ಅವರು.

೧೯೫೯ರ ಸುಮಾರಿಗೆ ಕಾಲುವೆ ಸರ್ವೆಯ ಕಚೇರಿಯೊಂದು ಊರಿಗೆ ಬಂತು. ಒಬ್ಬ ಸಾಹೇಬ, ಒಂದು ಜೀಪು, ಜೀಪಿಗೆ ಡ್ರೈವರ್ ಶಿದ್ರಾಮ, ಎಲ್ಲರಿಗೂ ಸಿಪಾಯಿ, ಎಂದರೆ ಜವಾನ, ನಮ್ಮ ದೊಡ್ಡಪ್ಪ. ಸಾಹೇಬನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಹುಬ್ಬೇರಿಸಬೇಡಿ. ಅವನು ನಮ್ಮ ದೊಡ್ಡಪ್ಪನನ್ನು ಕರೆಯುತ್ತಿದ್ದದ್ದು 'ಉದ್ದ್ಯಾ' ಎಂದು. ಇದು ನನ್ನ ಬರಹ, ಇಲ್ಲಿ ನನ್ನ ವ್ಯಾಕರಣ.

ಜೀಪಿನ ಹಿಂಭಾಗದಲ್ಲಿ ಎರಡು ಸೀಟುಗಳಿದ್ದವು. ಒಂದರ ಮೇಲೆ ಅಳತೆಯ ಸರಪಳಿ, ಇನ್ನೊಂದರ ಮೇಲೆ ಸಾಹೇಬನ ಕೊಡೆ. ದೊಡ್ಡಪ್ಪ ಕೆಳಗೆ, ಕಾಲಿಡುವ ಜಾಗದಲ್ಲಿ, ಮೊಣಕಾಲು ಮಡಚಿ ಕೂಡಬೇಕು. ಯಾಕೆಂದು ಸಾಹೇಬ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕೇ? ನಮ್ಮ ಕೇರಿಯವರು ಪಕ್ಕದಲ್ಲಿ ಕೂತರೆ ಕೊಡೆಗೂ ಮೈಲಿಗೆಯಾಗುತ್ತಿದ್ದ ಕಾಲ ಅದು.

ಆ ಮಳೆಗಾಲದಲ್ಲಿ ದಡ್ಡಿ ಎಂಬ ಊರಿನ ಕಡೆಯ ಕೆಸರಿನಲ್ಲಿ ಜೀಪು ಮೇಲಿಂದ ಮೇಲೆ ಹೂತುಹೋಯಿತು. ಸಾಹೇಬ ಬೆಳಗಾವಿಯಿಂದ ದೊಡ್ಡ ಟೈರು ತರಿಸಿದ. ಹೆಚ್ಚುಕಡಿಮೆ ಲಾರಿಯವೇ. ನಾಲ್ಕು ಕೆಳಗೆ ಹೊಂದಿಕೊಂಡವು. ಐದನೆಯದಾದ ಸ್ಟೆಪ್ನಿಯನ್ನು ಮಾತ್ರ ಹಿಂದಿನ ತಗಡಿನ ಬಾಗಿಲಿಗೆ ಬಿಗಿಯಬೇಕಾಯಿತು.

"ಬಾಗಲಾ ತಾಳಂಗಿಲ್ರಿ ಸಾಹೇಬ್ರ" ಎಂದ ಶಿದ್ರಾಮ.

"ನೀ ಗಾಡಿ ಹೊಡಿ" ಎಂದ ಸಾಹೇಬ.

ಮೊದಲ ಹಳ್ಳ ದಾಟುವಷ್ಟರಲ್ಲೇ ಬಿಜಾಗರಿ ಸಡಿಲಾಗಿ, ಟೈರಿನ ಭಾರಕ್ಕೆ ಬಾಗಿಲು ಹಿಂದಕ್ಕೆ ಜೋಲಿತು. ಸಾಹೇಬ ಇಳಿದು ನೋಡಿ, "ಏ ಉದ್ದ್ಯಾ, ಹಿಂದ ಬಂಪರ್ ಮ್ಯಾಲೆ ನಿಂತು ಟೈರ್ ಅಪ್ಪಿ ಹಿಡಕೋ. ಬೀಳಬಾರದು ನೋಡು" ಎಂದ.

ದೊಡ್ಡಪ್ಪ ನಿಂತರು. ಹೊಟ್ಟೆಪಾಡು, ನಿಲ್ಲದೆ ಏನು ಮಾಡಿಯಾರು? ಗಾಲಿ ಎರಚಿದ ಕೆಸರೆಲ್ಲ ಖಾಕಿ ಅಂಗಿಯ ಮೇಲೆ. ಹೆದ್ದಾರಿಯ ಅಂಗಡಿಗಳವರು ಸುಮ್ಮನಿರುತ್ತಾರೆಯೇ? "ಏನಪಾ ಉದ್ದಪ್ಪ, ಹೊಸಾ ಹೇಣ್ತಿ ಭಾಳ ಕರ್ರಗದಾಳಲ್ಲೋ!" ಎಂದು ಕೂಗಿದರು. ಯಾರ ಮಾತನ್ನೂ ಬಾಕಿ ಉಳಿಸಿಕೊಳ್ಳದ ದೊಡ್ಡಪ್ಪ ಅಂದು ಟೈರನ್ನೇ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. ಊರಾಚೆಯ ತಗ್ಗಿನಲ್ಲಿ ಜೀಪು ಎಗರಿತು, ಅವರ ಕಾಲು ಜಾರಿತು. ಟೈರಿಗೆ ಜೋತುಬಿದ್ದು ಒಂದಿಷ್ಟು ದೂರ ಎಳೆಸಿಕೊಂಡು ಹೋದರು. ಮೊಣಕಾಲಿನ ಚರ್ಮ ಸುಲಿದು ರಕ್ತ ಸೋರುತ್ತಿತ್ತು. ಸಾಹೇಬ ಇಳಿದು ಬಂದವನೇ ಕೇಳಿದ ಮೊದಲ ಮಾತು, "ಟೈರಿಗೇನೂ ಆಗಿಲ್ಲಲ್ಲ?"



ಸಂಜೆ ಮನೆಯಲ್ಲಿ ದೊಡ್ಡವ್ವ ಸಾತವ್ವ ಗಾಯಕ್ಕೆ ಅರಿಸಿನ ಒತ್ತುತ್ತಿದ್ದಳು. "ನಾಳಿಂದ ಹೋಗಂಗಿಲ್ಲ. ನೌಕರಿ ಮಣ್ಣಾಗ ಹೋಗಲಿ" ಎಂದರು ದೊಡ್ಡಪ್ಪ.

"ನೀವು ಬಿಟ್ರ ಅವನದೇನ ಹೋತು? ನಮ್ಮ ಕೇರ್ಯಾಗಿಂದನ ಇನ್ನೊಬ್ಬನ್ನ ತಂದು ನಿಂದರಸ್ತಾನ" ಎಂದಳು ದೊಡ್ಡವ್ವ. "ಟೈರಿಗೆ ಸಿಪಾಯಿ ಬೇಕಂತಿಲ್ಲೋ? ಕೊಡ್ರಿ ಸಿಪಾಯಿ!" ಅವಳ ಬೆರಳು ಅಂಗಳದ ಚಕ್ಕಡಿಯತ್ತ ಇತ್ತು.

ನಮ್ಮಲ್ಲಿ ಎತ್ತು ಬಿಚ್ಚಿದ ಮೇಲೆ ಚಕ್ಕಡಿಯ ನೊಗ ಕಟ್ಟುವ ಮೂಕಿ ನೆಲಕ್ಕೆ ಬೀಳದಂತೆ ಕೆಳಗೊಂದು ಗಟ್ಟಿ ಕೋಲು ಕೊಡುತ್ತೇವೆ. ಆ ಕೋಲಿನ ಹೆಸರೂ ಸಿಪಾಯಿ. ದೊಡ್ಡಪ್ಪ ಮೊದಲು ದಿಟ್ಟಿಸಿ ನೋಡಿದರು, ಆಮೇಲೆ ನೋವು ಮರೆತು ಹೊಟ್ಟೆ ಹಿಡಿದು ನಕ್ಕರು.

ಮರುದಿನ ಆದಿತ್ಯವಾರ. ಸಾಹೇಬನ ಮನೆಗೆ ಹೋಗಿ, "ಜೀಪು ಒಂದೊಪ್ಪತ್ತು ಕೊಡ್ರಿ. ಟೈರಿಗೆ ಕಾಯಂ ಒಂದು ಸಿಪಾಯಿ ನಿಂದರಸ್ತೇನ್ರಿ" ಎಂದರು. ಒಬ್ಬ ಎನ್ನಲಿಲ್ಲ, ಒಂದು ಎಂದರು. ಪೇಟೆಯ ಸಾಹೇಬನಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ಸಿಪಾಯಿ ಎಂದರೆ ಅವನಿಗೆ ಯಾವತ್ತೂ ಒಂದು ವಸ್ತುವೇ. "ಶಾಬಾಸ್, ಈಗ ಬುದ್ಧಿ ಬಂತು ನೋಡು" ಎಂದು ಒಪ್ಪಿಕೊಂಡ.

ಶಿದ್ರಾಮನೂ ದೊಡ್ಡಪ್ಪನೂ ಕಮ್ಮಾರನ ಬಳಿ ಕೂತು ಚಕ್ಕಡಿಯ ಹಳೆಯ ಸಿಪಾಯಿಯನ್ನು ಅಳತೆಗೆ ಕತ್ತರಿಸಿದರು. ಅದರ ಬುಡ ಕಬ್ಬಿಣದ ಬಂಪರಿನ ಮೇಲೆ, ತಲೆ ಟೈರಿನ ಅಡಿಗೆ. ಅಲುಗದಂತೆ ಎರಡೂ ಕಡೆಯಿಂದ ಜೀಪಿನ ಮೈಗೆ ಕಬ್ಬಿಣದ ಪಟ್ಟಿ. ಟೈರಿನ ಭಾರವೆಲ್ಲ ಬಂಪರಿಗೆ ಇಳಿಯಿತು, ಬಾಗಿಲು ನೆಟ್ಟಗಾಯಿತು.

ಸೋಮವಾರ ಸಾಹೇಬ ಮುಂದೆ ಕೂತು ಹಿಂತಿರುಗಿ ನೋಡುತ್ತಾನೆ: ಕೊಡೆ ಕೆಳಗಿತ್ತು, ದೊಡ್ಡಪ್ಪ ಸೀಟಿನ ಮೇಲಿದ್ದರು.

"ಸಿಪಾಯಿ ನಿಂದರಸ್ತೇನಿ ಅಂದಿದ್ದೆಲ್ಲೋ!"

"ನಿಂತೈತ್ರಿ. ಇಳದು ನೋಡ್ರಿ."

ಸಾಹೇಬ ಇಳಿದ. ಕೋಲನ್ನು ನೋಡಿದ, ಟೈರನ್ನು ಅಲುಗಾಡಿಸಿದ, ಕೊನೆಗೆ ಒದ್ದೂ ನೋಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ಅವನ ಮುಖ ಕೆಂಪೇರಿತು.

"ಕೆಳಗ ಕೂಡು."

"ಯಾಕ್ರಿ?"

ಅಲ್ಲಿಯತನಕ ಅವನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಅಂಗಡಿಗಳವರೆಲ್ಲ ಹೊರಗೆ ಬಂದು ನಿಂತಿದ್ದರು, ಈ ಸಲ ನಗುತ್ತಿರಲಿಲ್ಲ. ಕಾರಣ ಬಾಯಿಬಿಟ್ಟು ಹೇಳಿದರೆ ಅಸ್ಪೃಶ್ಯತೆಯ ಕಾಯದೆಗೆ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಬೇರೆ ಕಾರಣವೇ ಇಲ್ಲ.

"ನಾಳಿಂದ ನೌಕರಿಗೆ ಬರಬ್ಯಾಡ!"

"ಆತ್ರಿ. ಯಾಕ ಬರಬಾರದು ಅನ್ನೂದನ್ನ ಇಷ್ಟು ಮಂದಿ ಮುಂದ ಹೇಳಿಬಿಡ್ರಿ, ಈಗ ಇಳೀತೇನಿ."

ಶಿದ್ರಾಮ ಯಾರ ಅಪ್ಪಣೆಗೂ ಕಾಯದೆ ಜೀಪು ಚಾಲೂ ಮಾಡಿದ. ಸಾಹೇಬ ಹಲ್ಲು ಕಡಿಯುತ್ತ ಹತ್ತಿ ಕೂತ. ಜೀಪು ದಡ್ಡಿಯತ್ತ ಹೊರಟಿತು.

ಕಾಗದದ ಮೇಲೆ ಬರೆಯಲು ಕಾರಣವಿಲ್ಲದೆ ನೌಕರಿಯಿಂದ ತೆಗೆಯಲು ಅವನಿಂದ ಆಗಲಿಲ್ಲ. ಮಳೆಗಾಲ ಮುಗಿಯುವ ಮುಂಚೆ ದೊಡ್ಡಪ್ಪನನ್ನು ಗೋಕಾಕಿನ ಕಚೇರಿಗೆ ವರ್ಗ ಮಾಡಿಸಿದ, ಅಷ್ಟೇ. ಅಲ್ಲಿ ಮೊದಲ ದಿನವೇ ದೊಡ್ಡಪ್ಪ ಹೆಡ್ ಕ್ಲಾರ್ಕನನ್ನು, "ನಾ ಎಲ್ಲಿ ಕುಂದ್ರಬೇಕ್ರಿ?" ಎಂದು ಕೇಳಿದರಂತೆ.

ಅವನು ತಲೆ ಎತ್ತದೆಯೇ, "ಸಿಪಾಯಿ ಕುಂದ್ರಂಗಿಲ್ಲ, ನಿಲ್ಲಬೇಕು" ಎಂದ.

"ಕಟಗೀದು ನಿಲ್ಲತೈತ್ರಿ" ಎಂದರು ದೊಡ್ಡಪ್ಪ, ಗೋಡೆಗಿದ್ದ ಖಾಲಿ ಕುರ್ಚಿಯನ್ನು ಎಳೆದುಕೊಳ್ಳುತ್ತ. "ನಾ ಕುಂದ್ರತೇನಿ."