ಹದಿನೈದು ನಿಮಿಷ ಮುಂದಿದ್ದ ಮನೆ

ಹೊಸನಗರದ ತಾಲ್ಲೂಕು ಕಚೇರಿಗೆ ಹೋಗುವ ಓಣಿಯಲ್ಲಿ, ಮನೆಯ ಮುಂಗೋಣೆಯನ್ನೇ ಅಂಗಡಿ ಮಾಡಿಕೊಂಡು ಜೆರಾಕ್ಸು, ಡಿಟಿಪಿ ಕೆಲಸ ಮಾಡುವ ಸಂಯುಕ್ತಾ ಊರಿನ ಅರ್ಧ ಜನರ ಹೆಸರು ಟೈಪು ಮಾಡಿದ್ದಾಳೆ. ಖಾತೆ ಬದಲಾವಣೆಯ ಅರ್ಜಿ, ಮದುವೆಯ ಕರೆಯೋಲೆ, ಶ್ರದ್ಧಾಂಜಲಿಯ ಬ್ಯಾನರು, ಹುಟ್ಟಿದವರು, ಹೋದವರು, ಸೈಟು ಕೊಂಡವರು, ಯಾರ ಹೆಸರು ಬೇಕು ಹೇಳಿ, ಅವಳ ಬೆರಳಿಂದ ಇಳಿದೇ ಮುಂದೆ ಹೋಗಿದೆ. ತನ್ನ ಹೆಸರನ್ನು ಮಾತ್ರ ಅವಳು ಟೈಪಿಸಿದ್ದು ಅಪರೂಪ. ಅಂಗಡಿಯ ಬೋರ್ಡಿನಲ್ಲೂ ಇರುವುದು ಗಂಡನ ಹೆಸರೇ, ಭರತೇಶ್ ಡಿಟಿಪಿ ಸೆಂಟರ್ ಅಂತ. ಪಂಪ್‌ಸೆಟ್ ರಿಪೇರಿಯ ಭರತೇಶನಿಗೆ ಕೀಬೋರ್ಡಿನಲ್ಲಿ ಕಾಮಾ ಎಲ್ಲಿದೆಯೆಂದು ಇವತ್ತಿಗೂ ಗೊತ್ತಿಲ್ಲ.

ಇಂಥ ಸಂಯುಕ್ತಾಳಿಗೆ ಮೂವತ್ತೆಂಟನೇ ವಯಸ್ಸಿಗೆ ಪ್ರೋಗ್ರಾಮಿಂಗಿನ ಹುಚ್ಚು ಹಿಡಿಯಿತು. ಹಿಡಿದದ್ದು ಸೋಮಾರಿತನದಿಂದ. ಒಂದೇ ನಮೂನೆಯ ಅರ್ಜಿಯನ್ನು ದಿನವೂ ಟೈಪಿಸಿ ಬೇಸತ್ತು, ಇದನ್ನು ಕಂಪ್ಯೂಟರೇ ತುಂಬಿಕೊಳ್ಳಬಾರದೇ ಎಂದು ಯೂಟ್ಯೂಬ್ ಪಾಠ ನೋಡತೊಡಗಿದಳು. ಗಿರಾಕಿ ಬಂದರೆ ಪಾಠ ನಿಲ್ಲಿಸುವುದು, ಹೋದರೆ ಮುಂದುವರಿಸುವುದು. ಕೊನೆಗೊಂದು ದಿನ ಅವಳೇ ಬರೆದ ನಾಲ್ಕು ಸಾಲು ತಾನಾಗಿ ಅರ್ಜಿ ತುಂಬಿ ಪ್ರಿಂಟರಿಗೆ ಕಳಿಸಿತು. ಅವತ್ತು ಅಂಗಡಿಯಲ್ಲಿದ್ದವರಿಗೆಲ್ಲ ಪುಕ್ಕಟೆ ಜೆರಾಕ್ಸ್! ಆಮೇಲೆ ಬಿಡಿಸಲು ಯಾರಿಂದಲೂ ಆಗಲಿಲ್ಲ.

ಹೀಗಿರುವಾಗ ‘ಹೊಸ ಕೈ’ ಎಂಬ ಸ್ಪರ್ಧೆಯ ಸುದ್ದಿ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಹೊಸಬರಿಗೆಂದೇ ಕೆಲವು ಇಂಜಿನಿಯರುಗಳು ಸೇರಿ ನಡೆಸುವ ಓಪನ್ ಸೋರ್ಸ್ ಸ್ಪರ್ಧೆ. ಓಪನ್ ಸೋರ್ಸ್ ಎಂದರೆ ಬರೆದ ಪ್ರೋಗ್ರಾಮನ್ನು ಬೀಗ ಹಾಕಿ ಇಟ್ಟುಕೊಳ್ಳದೆ ಎಲ್ಲರ ಮುಂದೆ ತೆರೆದಿಡುವುದು. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಆ ಪ್ರೋಗ್ರಾಮಿನ ಉಸ್ತುವಾರಿ ನೋಡುವವರು ಪರೀಕ್ಷಿಸಿ, ಸರಿ ಎನಿಸಿದರೆ ಒಳಗೆ ಸೇರಿಸಿಕೊಳ್ಳುತ್ತಾರೆ. ಸೇರಿಸಿಕೊಂಡರೆ ‘ಇದನ್ನು ಕಟ್ಟಿದವರು’ ಎಂಬ ಪುಟದಲ್ಲಿ ತಿದ್ದಿದವರ ಹೆಸರು ಬರುತ್ತದೆ. ಸ್ಪರ್ಧೆಯ ನಿಯಮ ಇಷ್ಟೇ. ಒಂದು ತಿಂಗಳೊಳಗೆ ಕನಿಷ್ಠ ಒಂದು ತಿದ್ದುಪಡಿ ಒಪ್ಪಿಗೆಯಾಗಬೇಕು. ಕೊನೆಯ ಭಾನುವಾರ ಎಲ್ಲರೂ ಸಾಗರದಲ್ಲಿ ಸೇರಬೇಕು, ಸಂಜೆ ಆರೂವರೆಗೆ ಬಾಗಿಲು ಬಂದ್.

ಕಟ್ಟಿದವರ ಪುಟದಲ್ಲಿ ತನ್ನ ಹೆಸರು! ಸಂಯುಕ್ತಾಳಿಗೆ ಆಸೆಯಾಯಿತು. ಬಹುಮಾನದ ಟೀ ಶರ್ಟು ಯಾರಿಗೆ ಬೇಕು? ಊರವರ ಹೆಸರನ್ನೆಲ್ಲ ಬರೆದ ಕೈ ತನ್ನ ಹೆಸರನ್ನು ಒಂದು ಕಡೆ ನಿಲ್ಲಿಸಬೇಕು, ಅಷ್ಟೇ. ಅತ್ತೆ ಜ್ವಾಲಾಮಾಲಿನಿಗೆ ಈ ಆಸೆ ಅರ್ಥವಾಗಲಿಲ್ಲ.

“ದುಡ್ಡಿಲ್ಲ, ಕಾಸಿಲ್ಲ, ಕಂಡವರ ಪ್ರೋಗ್ರಾಮು ರಿಪೇರಿ ಮಾಡಿ ಕೊಡೋದಾ? ಎಂತ ಮಾರಾಯ್ತಿ ನಿಂದು!” ಎಂದು ಒಳಗಿನಿಂದಲೇ ಕೂಗಿದರು.

ಈ ಜ್ವಾಲಾಮಾಲಿನಿಯವರ ವಿಷಯ ಸ್ವಲ್ಪ ಹೇಳಲೇಬೇಕು. ಹೊತ್ತು ಮುಳುಗಿದ ಮೇಲೆ ಅಗುಳು ಮುಟ್ಟದ ಜೈನರ ಮನೆ ಅದು. ಎಪ್ಪತ್ತೆರಡರ ಈ ಹಿರಿಯಾಕೆ ಸೂರ್ಯನನ್ನು ಕೂಡ ಪೂರ್ತಿ ನಂಬುವವರಲ್ಲ. ಮನೆಯವರು ಊಟಕ್ಕೆ ತಡ ಮಾಡಬಾರದೆಂದು ಗೋಡೆ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿ ಇಟ್ಟವರು. ಕಾಲ ಬದಲಾದಂತೆ ಟೈಂಪೀಸು, ಮೊಬೈಲು, ಅಂಗಡಿಯ ಲ್ಯಾಪ್‌ಟಾಪು, ಯಾವುದನ್ನೂ ಅವರು ಬಿಡಲಿಲ್ಲ. “ಎಲ್ಲದ್ರಲ್ಲೂ ಒಂದೇ ಟೈಮು ಇರ್ಬೇಕು,” ಎಂದು ಮಗನ ಬೆನ್ನು ಹತ್ತಿ, ಸಮಯ ತಾನಾಗಿ ಸರಿಹೋಗುವ ಸೆಟ್ಟಿಂಗನ್ನೂ ಆಫ್ ಮಾಡಿಸಿದ್ದರು. ತೀರ್ಥಹಳ್ಳಿ ಕಡೆಯ ಅರಳಸುರಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಸಂಯುಕ್ತಾ ಇದಕ್ಕೆ ನಗುತ್ತಿದ್ದಳು. ವರ್ಷಗಳು ಕಳೆದಂತೆ ನಗುವುದು ಬಿಟ್ಟಳು, ಆಮೇಲೆ ಮರೆತೇಬಿಟ್ಟಳು. ಬಸ್ಸು ಯಾವಾಗಲೂ ತಡ, ಬ್ಯಾಂಕು ಯಾವಾಗಲೂ ತೆಗೆದಿಲ್ಲ, ಮದುವೆ ಮನೆಯಲ್ಲಿ ಎಲೆ ಯಾವಾಗಲೂ ಹಾಕಿಲ್ಲ. ಲೋಕವೇ ನಿಧಾನ ಎಂದು ಆ ಮನೆಯವರು ತಿಳಿದುಕೊಂಡಿದ್ದರು.

ಸ್ಪರ್ಧೆಗೆ ಕೊಟ್ಟ ಪ್ರೋಗ್ರಾಮುಗಳಲ್ಲಿ ಸಂಯುಕ್ತಾ ಆರಿಸಿಕೊಂಡದ್ದು ‘ಹೊತ್ತು’ ಎಂಬ ಆ್ಯಪನ್ನು. ಊರಿನ ಹೆಸರು ಕೊಟ್ಟರೆ ಸೂರ್ಯ ಹುಟ್ಟುವ, ಮುಳುಗುವ ಸಮಯ ಹೇಳುವ ಪುಟ್ಟ ಆ್ಯಪು. ಅತ್ತೆಗೂ ಉಪಯೋಗವಾದೀತು ಎಂದು ಲ್ಯಾಪ್‌ಟಾಪಿಗೆ ಹಾಕಿಕೊಂಡು ಸಂಜೆ ನೋಡುತ್ತಾಳೆ, ಆ್ಯಪಿನ ಪ್ರಕಾರ ಸೂರ್ಯ ಮುಳುಗಿಯಾಯಿತು, ಹೊರಗೆ ಬಂದು ನೋಡಿದರೆ ಸೂರ್ಯ ಇನ್ನೂ ಗುಡ್ಡದ ಮೇಲೆ ಆರಾಮವಾಗಿದ್ದಾನೆ! ಮರುದಿನವೂ ಹಾಗೇ. ವಾರವಿಡೀ ಅಂಗಳದಲ್ಲಿ ನಿಂತು ನೋಡಿದಳು, ಪ್ರತಿದಿನವೂ ಹದಿನೈದು ನಿಮಿಷದ ವ್ಯತ್ಯಾಸ. ತಪ್ಪು ಸಿಕ್ಕಿತು! ಕಾರಣವೂ ಹೊಳೆಯಿತು. ಇವರು ಬೆಂಗಳೂರಿನ ಲೆಕ್ಕ ಹಾಕಿದ್ದಾರೆ. ನಮ್ಮದು ಪಡುವಣ ಸೀಮೆ, ಇಲ್ಲಿಗೆ ಸೂರ್ಯ ತಡವಾಗಿ ಬರುತ್ತಾನೆ. ಹೀಗೆ ತರ್ಕ ಮಾಡಿ, ನಮ್ಮ ಕಡೆಯ ಊರುಗಳಿಗೆಲ್ಲ ಹದಿನೈದು ನಿಮಿಷ ಕೂಡಿಸುವ ತಿದ್ದುಪಡಿ ಬರೆದಳು. ಎಷ್ಟು ಚೆಂದ ಬರೆದಳೆಂದರೆ, ಅದನ್ನು ಕಳಿಸಿದ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಭಾನುವಾರ ಬಸ್ಸು ಹಿಡಿದು ಸಾಗರಕ್ಕೆ ಹೋದಳು. ಸಭಾಭವನದ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು ಎಂದು ಬೇರೆ ಹೇಳಬೇಕಾಗಿಲ್ಲ. ಒಳಗೆ ಉದ್ದನೆಯ ಮೇಜುಗಳು, ನೆಲದ ತುಂಬ ವೈರುಗಳು, ಕಾಲೇಜು ಹುಡುಗ ಹುಡುಗಿಯರ ಗಲಾಟೆ. ಎದುರಿನ ದೊಡ್ಡ ಪರದೆಯ ಮೇಲೆ, ತಿದ್ದುಪಡಿ ಒಪ್ಪಿಗೆಯಾದವರ ಹೆಸರು ಒಂದೊಂದಾಗಿ ಮೂಡುತ್ತಿತ್ತು. ಒಂದು ಹೆಸರು ಬಂದರೆ ಇಡೀ ಸಭಾಭವನ ಚಪ್ಪಾಳೆ ಹೊಡೆಯುತ್ತಿತ್ತು. ಸಂಯುಕ್ತಾ ಪ್ರತಿಯೊಬ್ಬರಿಗೂ ಕೈ ಕೆಂಪಾಗುವಷ್ಟು ತಟ್ಟಿದಳು. ತಟ್ಟುತ್ತಾ ತನ್ನ ಹೆಸರು ಯಾವಾಗ ಬರುತ್ತದೋ ಎಂದು ಪರದೆ ನೋಡಿದಳು.

‘ಹೊತ್ತು’ ಆ್ಯಪಿನ ಉಸ್ತುವಾರಿ ತೀರ್ಥಹಳ್ಳಿಯ ಸ್ಪಂದನಾಳದು. ಚುರುಕು ಹುಡುಗಿ, ಮಾತು ಇನ್ನೂ ಚುರುಕು. ಸಂಜೆಯ ಹೊತ್ತಿಗೆ ಸಂಯುಕ್ತಾಳ ಪಕ್ಕ ಬಂದು ಕೂತಳು.

“ಅಕ್ಕ, ನೀವು ಬರ್ದಿರೋದು ಎಷ್ಟು ನೀಟಾಗಿದೆ ಅಂದ್ರೆ, ನಂಗೇ ಹೊಟ್ಟೆಕಿಚ್ಚಾಯ್ತು. ಆದ್ರೆ ಒಂದು ಡೌಟು. ನಾನು ಬೆಂಗಳೂರು ಲೆಕ್ಕ ಹಾಕಿಲ್ಲ. ಪ್ರತಿ ಊರಿಗೂ ಬೇರೆ ಬೇರೆ ಹಾಕಿದೀನಿ. ಹದಿನೈದು ನಿಮಿಷ ತಪ್ಪಿದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

“ಕಣ್ಣಾರೆ ನೋಡಿದೀನಿ ಮಾರಾಯ್ರೆ, ಒಂದು ವಾರ!” ಎಂದಳು ಸಂಯುಕ್ತಾ.

“ಹಂಗಾದ್ರೆ ಇವತ್ತೂ ನೋಡೇ ಬಿಡಾಣ, ಬನ್ನಿ. ನೀವು ಹೇಳಿದ್ದು ಸರಿ ಆದ್ರೆ ಅಲ್ಲೇ ನಿಂತು ಒಪ್ಪಿಗೆ ಒತ್ತಿಬಿಡ್ತೀನಿ.”

ಸಂಯುಕ್ತಾ ಆಗಷ್ಟೇ ಬುತ್ತಿ ಬಿಚ್ಚಲು ಹೊರಟಿದ್ದಳು. ಅತ್ತೆ ಕಟ್ಟಿಕೊಟ್ಟಿದ್ದ ಚಪಾತಿ, ಪಲ್ಯ. ಆದರೆ ಈ ಮಾತು ಕೇಳಿದ ಮೇಲೆ ಚಪಾತಿ ಯಾರಿಗೆ ನೆನಪಿರುತ್ತದೆ? ಇಬ್ಬರೂ ತಾರಸಿಗೆ ಹತ್ತಿದರು. ಸೂರ್ಯನಿಗೂ ಹೊಸನಗರದ ಅಕ್ಕನಿಗೂ ಪಂದ್ಯವಂತೆ ಎಂದು ಸುದ್ದಿ ಹಬ್ಬಿ, ಅರ್ಧ ಸಭಾಭವನವೇ ಹಿಂದೆ ಬಂತು. ಪಡುವಣದ ಗುಡ್ಡದ ಸಾಲಿನ ಮೇಲೆ ಸೂರ್ಯ ಕೆಂಪಗೆ ಇಳಿಯುತ್ತಿದ್ದ. ಸ್ಪಂದನಾ ಫೋನು ಹಿಡಿದು ಎಣಿಸತೊಡಗಿದಳು. ಎಲ್ಲರೂ ಕೂಗುತ್ತಿದ್ದಾರೆ, “ಇದೆ, ಇದೆ, ಇನ್ನೂ ಇದೆ!” ನಿಲ್ಲಪ್ಪಾ, ಇನ್ನೊಂದು ಸ್ವಲ್ಪ ಹೊತ್ತು ನಿಲ್ಲು ಎಂದು ಸಂಯುಕ್ತಾ ಬೇಡಿಕೊಂಡಳು.

ಸೂರ್ಯ ನಿಲ್ಲಲಿಲ್ಲ. ಆ್ಯಪು ಹೇಳಿದ ನಿಮಿಷಕ್ಕೇ ಮುಳುಗಿದ.

“ಸಾಧ್ಯವೇ ಇಲ್ಲ, ನೋಡಿ ಇಲ್ಲಿ!” ಎಂದು ಸಂಯುಕ್ತಾ ತನ್ನ ಫೋನು ತೋರಿಸಿದಳು. ಸ್ಪಂದನಾ ಅದನ್ನು ನೋಡಿದಳು, ತನ್ನ ಫೋನು ನೋಡಿದಳು, ಎರಡನ್ನೂ ಅಕ್ಕಪಕ್ಕ ಹಿಡಿದಳು.

“ಅಕ್ಕ... ನಿಮ್ಮ ಫೋನು ಹದಿನೈದು ನಿಮಿಷ ಮುಂದಿದೆಯಲ್ಲ?”

ಸಂಯುಕ್ತಾಳಿಗೆ ಕಾಲ ಕೆಳಗಿನ ತಾರಸಿ ಕುಸಿದಂತಾಯಿತು. ಅತ್ತೆ! ಅತ್ತೆಯ ಹದಿನೈದು ನಿಮಿಷ! ಯಾರ ಊಟವೂ ಹೊತ್ತು ಮೀರಬಾರದೆಂದು ಅತ್ತೆ ಮುಂದೆ ತಿರುಗಿಸಿದ ಗಡಿಯಾರವನ್ನು ನಂಬಿ, ಇವಳು ಸೂರ್ಯಾಸ್ತವನ್ನೇ ಹಿಂದೆ ತಳ್ಳಿದ್ದಳು. ಈ ತಿದ್ದುಪಡಿ ಒಪ್ಪಿಗೆಯಾಗಿದ್ದರೆ ಮೂರು ತಾಲ್ಲೂಕಿನ ಜೈನರೆಲ್ಲ ಆ್ಯಪು ನೋಡಿಕೊಂಡು ಕತ್ತಲಲ್ಲಿ ಊಟ ಮಾಡುತ್ತಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅವಳು ಮನೆಯ ಗಡಿಯಾರದ ಕಥೆ ಹೇಳಿದಳು. ತಾರಸಿಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಯುಕ್ತಾಳಿಗೂ ನಗು ಬಂತು, ಆದರೆ ಅದರ ಹಿಂದೆಯೇ ಅಳು ಒತ್ತಿಕೊಂಡು ಬಂತು. ಹೊತ್ತು ಮುಳುಗಿತ್ತು, ಬುತ್ತಿ ಹಾಗೇ ಉಳಿಯಿತು, ಸ್ಪರ್ಧೆ ಮುಗಿಯಲು ಅರ್ಧ ಗಂಟೆ, ಕೈಯಲ್ಲಿ ಏನೂ ಇಲ್ಲ.

ನಕ್ಕು ಸುಸ್ತಾದ ಸ್ಪಂದನಾ ಕಣ್ಣೊರೆಸಿಕೊಂಡಳು. “ಪಾಪ, ನಮ್ಮ ದೊಡ್ಡಮ್ಮನ ಮನೇಲೂ ಹಿಂಗೇ ಅಕ್ಕ. ಬಸ್ಸು ತಪ್ಪಬಾರ್ದು ಅಂತ ಹತ್ತು ನಿಮಿಷ ಮುಂದೆ.”

“ನಮ್ಮನೇಲಿ ಇಪ್ಪತ್ತು,” ಎಂದ ಹಿಂದಿನಿಂದ ಯಾರೋ.

“ನಮ್ಮ ಅಜ್ಜಂದು ಅರ್ಧ ಗಂಟೆ!”

ಸಂಯುಕ್ತಾ ತಲೆಯೆತ್ತಿದಳು. ತನ್ನದೊಂದೇ ಮನೆಯಲ್ಲವೇ ಹಾಗಾದರೆ? ಇಷ್ಟು ಜನರ ಮನೆಯಲ್ಲಿ ಗಡಿಯಾರ ಒಂದು ಹೇಳಿದರೆ ಆ್ಯಪು ಒಂದು ಹೇಳುತ್ತದೆ. ಆ ಗಡಿಯಾರಗಳನ್ನು ತಿದ್ದುವ ಧೈರ್ಯ ಯಾರಿಗಿದೆ? ಆ್ಯಪನ್ನು ತಿದ್ದುವುದು ಸುಲಭ.

“ಸ್ಪಂದನಾ, ಸೂರ್ಯನ ಲೆಕ್ಕ ಮುಟ್ಟೋದು ಬೇಡ. ‘ನಮ್ಮ ಮನೆ ಗಡಿಯಾರ ಇಷ್ಟು ಮುಂದಿದೆ’ ಅಂತ ಬೇಕಾದವ್ರು ಹಾಕ್ಕೊಳ್ಳೋಕೆ ಒಂದು ಜಾಗ ಕೊಟ್ರೆ? ಮನೆ ಗಡಿಯಾರದಲ್ಲಿ ಎಷ್ಟಕ್ಕೆ ಮುಳುಗತ್ತೆ ಅಂತ ಪಕ್ಕದಲ್ಲಿ ತೋರಿಸ್ಲಿ. ಏನೂ ಹಾಕದೇ ಇದ್ರೆ ಸೊನ್ನೆ. ಕೂಡಿಸೋ ಲೆಕ್ಕ ಹೆಂಗೂ ಬರ್ದಿಟ್ಟಿದೀನಲ್ಲ!”

“ಓಡಿ ಅಕ್ಕ!” ಎಂದಳು ಸ್ಪಂದನಾ.

ಓಡಿದರು. ಮೆಟ್ಟಿಲ ಮೇಲೆ ಸಂಯುಕ್ತಾಳ ಚಪ್ಪಲಿ ಕಳಚಿತು, ಅದನ್ನು ಅಲ್ಲೇ ಬಿಟ್ಟಳು. ಮೊದಲಿನ ತಿದ್ದುಪಡಿಯನ್ನು ಕಿತ್ತು ಹಾಕಿದಳು, ಒಳ್ಳೆಯ ಸಾಲುಗಳನ್ನು ಉಳಿಸಿಕೊಂಡಳು, ಹೊಸ ಜಾಗ ಮಾಡಿದಳು. ವರ್ಷಗಟ್ಟಲೆ ಅರ್ಜಿ ಟೈಪಿಸಿದ ಬೆರಳುಗಳ ವೇಗ ಕಂಡು ಪಕ್ಕದ ಮೇಜಿನವರು ತಮ್ಮ ಕೆಲಸ ಬಿಟ್ಟು ನೋಡತೊಡಗಿದರು. ಮೊದಲ ಸಲ ಪರೀಕ್ಷೆ ಮಾಡಿದಾಗ ಕೆಂಪು ಅಕ್ಷರ ಬಂತು, ತಪ್ಪು. ತಿದ್ದಿದಳು. ಮತ್ತೆ ಕೆಂಪು. ಬೆವರು ಒರೆಸಿಕೊಂಡು ಲ್ಯಾಪ್‌ಟಾಪಿನ ಮೂಲೆ ನೋಡಿದರೆ ಆರೂವರೆ. ಸಂಯುಕ್ತಾ ಕೈ ಎತ್ತಿಬಿಟ್ಟಳು.

“ಮುಗೀತು. ಟೈಮಾಯ್ತು,” ಎಂದಳು.

“ಅಕ್ಕಾ! ಅದು ನಿಮ್ಮತ್ತೆ ಟೈಮು!” ಎಂದು ಸ್ಪಂದನಾ ಕಿರುಚಿದಳು. “ಇನ್ನೂ ಕಾಲು ಗಂಟೆ ಇದೆ!”

ಇಡೀ ಮೇಜು ಹೋ ಎಂದಿತು. ಸಂಯುಕ್ತಾ ಮತ್ತೆ ಕೀಬೋರ್ಡಿನ ಮೇಲೆ ಬಿದ್ದಳು. ಏನೂ ಹಾಕದಿದ್ದರೆ ಸೊನ್ನೆ ಎಂದು ಬರೆಯುವುದನ್ನೇ ಮರೆತಿದ್ದಳು, ಅಷ್ಟೇ. ಸರಿ ಮಾಡಿ ಒತ್ತಿದಳು. ಸಾಲು ಸಾಲಾಗಿ ಹಸಿರು! ಕಳಿಸಿದಳು. ಸ್ಪಂದನಾ ತನ್ನ ಫೋನಿನಲ್ಲಿ ಮೂವತ್ತು ನಿಮಿಷ ಕೊಟ್ಟು ನೋಡಿದಳು, ಸೊನ್ನೆ ಕೊಟ್ಟು ನೋಡಿದಳು, ಮೇಲಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಒಪ್ಪಿಗೆ ಒತ್ತಿದಳು.

ಪರದೆಯ ಮೇಲೆ ಮೂಡಿತು: ಸಂಯುಕ್ತಾ, ಹೊಸನಗರ.

ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಯಾರೋ ಅವಳ ಭುಜ ಹಿಡಿದು ಕುಣಿಸಿದರು. ಸಂಯುಕ್ತಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು, ಪ್ರೂಫ್ ನೋಡುವವರ ಹಾಗೆ. ತಪ್ಪಿರಲಿಲ್ಲ. ಇಂಥ ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಗಲಾಟೆಯಿಂದ ಹೊರಗೆ ಬಂದು ಮನೆಗೆ ಫೋನು ಮಾಡಿದಳು. ಮೊದಲ ರಿಂಗಿಗೇ ಅತ್ತೆ ಎತ್ತಿದರು.

“ಎಂತ ಆಯ್ತೇ?”

“ಆಯ್ತು ಅತ್ತೆ! ಹೆಸರು ಬಂತು!”

“ಪೂರ್ತಿ ಹೆಸರು ಹಾಕಿದಾರಾ? ಸರಿಯಾಗಿ ಬರ್ದಿದಾರಾ?”

“ಸರಿಯಾಗಿದೆ ಅತ್ತೆ. ಆದ್ರೆ...” ಸಂಯುಕ್ತಾ ಹೆದರುತ್ತಲೇ ಹೇಳಿದಳು, “ಬುತ್ತಿ ಉಣ್ಣೋಕೆ ಆಗ್ಲೇ ಇಲ್ಲ. ಹೊತ್ತು ಮುಳುಗಿಹೋಯ್ತು. ಬೈಬೇಡಿ.”

“ಬೈಯೋಕೆ ನಂಗೆಲ್ಲಿ ಬಾಯಿದೆ?” ಎಂದರು ಜ್ವಾಲಾಮಾಲಿನಿ. “ನಿನ್ನ ಫೋನು ಈಗ ಬರತ್ತೆ, ಆಗ ಬರತ್ತೆ ಅಂತ ಬಾಗಿಲಲ್ಲೇ ಕೂತಿದ್ದೆ ಕಣೇ. ಭರತೇಶ ಕರೆದ, ನಾನು ಏಳಲಿಲ್ಲ. ಅನ್ನ ಒಳಗೆ ಹಂಗೇ ಇದೆ. ಈ ಮನೇಗೆ ಬಂದ ಮೇಲೆ ಇದೇ ಮೊದಲು ನಾನು ಊಟ ತಪ್ಪಿಸಿದ್ದು.”