ಕರಗಿದ ಉಪ್ಪಿಗೆ ಕಂಬಳಿ ಹೊದಿಸುವ ಕೈ

ಬೆಳಗಿನ ಆರು ಗಂಟೆ. ಸಮುದ್ರದಿಂದ ಎದ್ದ ಮಂಜು ಇನ್ನೂ ಕರಗಿಲ್ಲ. ಪುಂತಾ ಲೋಬೆರಾ ಎಂಬ ಕಡಲೂರಿನ ಹಳೇ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿ ಅರ್ಧಕ್ಕೇ ಮಾಯವಾಗಿದೆ. ಕೆಳಗೆ ಸುನಿಲ್ದಾ ಅರಾಯಾ ಬಲಗೈ ಗವಸು ಬಿಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡು, ತಗಡು ಸುತ್ತಿದ ದಪ್ಪ ಪೈಪಿನ ಪಕ್ಕದಲ್ಲಿ ನಡೆಯುತ್ತಿದ್ದಾರೆ. ಕೈಯ ಹಿಂಬದಿಯನ್ನು ತಗಡಿನಿಂದ ಎರಡು ಬೆರಳು ದೂರ ಹಿಡಿದಿದ್ದಾರೆ, ಮಗುವಿಗೆ ಜ್ವರ ಇದೆಯಾ ಎಂದು ನೋಡುವ ತಾಯಿಯ ಹಾಗೆ. ಒಂದು ತಿರುವಿನಲ್ಲಿ ನಿಲ್ಲುತ್ತಾರೆ. ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕುತ್ತಾರೆ. ಮುಂದೆ ಹೋಗುತ್ತಾರೆ.

"ಹೊರಗೆ ಕೈಗೆ ಬಿಸಿ ಬಡೀತು ಅಂದ್ರೆ ಒಳಗೆ ಉಪ್ಪಿಗೆ ಚಳಿ ಆಗ್ತಿದೆ ಅಂತ ಅರ್ಥ," ಅನ್ನುತ್ತಾರೆ. "ಹೊಸಬ್ರಿಗೆ ಇದು ಉಲ್ಟಾ ಅನ್ಸುತ್ತೆ. ಕಂಬಳಿ ಹರಿದ್ರೆ ಬೆಚ್ಚಗಿರೋದು ಹೊರಗಿನ ಗಾಳಿ ಕಣ್ರೀ, ಮಲಗಿದವ್ನಲ್ಲ."

ಹೌದು, ಉಪ್ಪು! ಈ ಊರಿನ ಬೆನ್ನಿಗಿರುವ ಮರುಭೂಮಿಯಿಂದ ತೆಗೆದ ನೈಟ್ರೇಟ್ ಉಪ್ಪು, ಇಪ್ಪತ್ತೆರಡು ಸಾವಿರ ಟನ್, ಎರಡು ದೈತ್ಯ ತೊಟ್ಟಿಗಳಲ್ಲಿ ನೀರಿನಂತೆ ತುಳುಕುತ್ತಿದೆ. ಹಗಲು ಮರುಭೂಮಿಯ ಬಿಸಿಲಿನಿಂದ ಬಂದ ವಿದ್ಯುತ್ತಿನಲ್ಲಿ ಅದನ್ನು ಐನೂರ ಅರವತ್ತು ಡಿಗ್ರಿಗೆ ಕಾಯಿಸುತ್ತಾರೆ. ಸಂಜೆ ಸೂರ್ಯ ಮುಳುಗಿದ ಮೇಲೆ ಅದೇ ಉಪ್ಪು ನೀರನ್ನು ಉಗಿ ಮಾಡುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ. ಟರ್ಬೈನ್ ಹಳೆಯದೇ, ತಂತಿಗಳು ಹಳೆಯವೇ, ಜನವೂ ಹಳೆಯವರೇ. ಕಲ್ಲಿದ್ದಲು ಮಾತ್ರ ಇಲ್ಲ. ಮೂರು ತಲೆಮಾರು ಮಸಿ ಹಿಡಿದ ಬಟ್ಟೆ ಒಣಗಿಸಿದ ಊರಿನಲ್ಲಿ ಈಗ ಬಿಳಿ ಬೆಡ್‌ಶೀಟುಗಳು ಹಾರಾಡುತ್ತಿವೆ. ಸಂತೋಷಪಡದೆ ಇರಲು ಹೇಗೆ ಸಾಧ್ಯ ಹೇಳಿ!

ಈ ಉಪ್ಪಿಗೆ ಒಂದೇ ಒಂದು ದುರ್ಗುಣ. ಇನ್ನೂರ ನಲವತ್ತು ಡಿಗ್ರಿಗಿಂತ ಕೆಳಗೆ ಇಳಿದರೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಅದಕ್ಕೇ ಸುನಿಲ್ದಾ ಬೇಕು. ನಾಲ್ಕು ಕಿಲೋಮೀಟರ್ ಪೈಪು, ಆರುನೂರ ನಲವತ್ತು ತಿರುವು ಮತ್ತು ವಾಲ್ವ್, ದಿನಕ್ಕೆ ಎರಡು ಸುತ್ತು. ಪ್ರತಿಯೊಂದಕ್ಕೂ ಶಾಖ ತಡೆಯುವ ನಾರಿನ ಹೊದಿಕೆ ಅಳತೆಗೆ ಕತ್ತರಿಸಿ, ತಂತಿ ಬಿಗಿದು, ಮೇಲೆ ತಗಡು ಹೊದಿಸಿದ್ದು ಇವರ ತಂಡ. ಉದ್ಘಾಟನೆಯ ದಿನ ಪೇಪರಿನಲ್ಲಿ ಯಾರ ಫೋಟೊ ಬಂತು? ಟೈ ಕಟ್ಟಿದವರದ್ದು, ಕತ್ತರಿ ಹಿಡಿದವರದ್ದು. ಇರಲಿ ಬಿಡಿ.

ಇಪ್ಪತ್ತೇಳು ವರ್ಷದ ಹಿಂದೆ ಸುನಿಲ್ದಾ ಇಲ್ಲಿಗೆ ಬಂದಾಗ ಬಾಯ್ಲರ್ ಮನೆಗೆ ಹೆಂಗಸು ಕಾಲಿಟ್ಟರೆ ಅಪಶಕುನ ಅನ್ನುತ್ತಿದ್ದರು. ಗಂಡಸರ ದಪ್ಪ ತೋಳು ಪೈಪುಗಳ ಸಂದಿಗೆ ಹೋಗುತ್ತಿರಲಿಲ್ಲ, ಇವರ ತೋಳು ಹೋಯಿತು. ಶಕುನ ಅಲ್ಲಿಗೇ ಮುಗಿಯಿತು. ನಾರಿನ ಚೂರು ಚರ್ಮಕ್ಕೆ ಹೊಕ್ಕು ತುರಿಸಿ ತುರಿಸಿ ನಿದ್ದೆಗೆಟ್ಟ ವರ್ಷಗಳಿವೆ. ಮೊಣಕೈವರೆಗೆ ಸುಟ್ಟ ಕಲೆಗಳಿವೆ. "ಲೆಕ್ಕ ಇಟ್ಟಿಲ್ಲ. ಇಟ್ಟಿದ್ರೆ ಬೇಜಾರಾಗ್ತಿತ್ತು," ಎಂದು ನಗುತ್ತಾರೆ.

ಬಾಯ್ಲರ್ ಮನೆಯವರು ಮೇಸ್ತ್ರಿ ಎಂದು ಇವರನ್ನು ತಲೆಮೇಲೆ ಹೊತ್ತಿದ್ದಕ್ಕೆ ಇನ್ನೊಂದು ಕಾರಣವಿತ್ತು: ಕಿಟಕಿ. ಬೆಳಗಿನ ಹತ್ತಕ್ಕೆ ಚೋಕಾ ಹೊತ್ತು, ಅಂದರೆ ಚಹಾ, ರೊಟ್ಟಿ, ಬೆಣ್ಣೆಹಣ್ಣು. ಒಲೆ ಎಲ್ಲಿಂದ ತರೋದು? ಕೂರುವ ಬೆಂಚಿನ ಪಕ್ಕದ ಪೈಪಿನ ಹೊದಿಕೆಯಲ್ಲಿ ಅಂಗೈಯಗಲ ಕತ್ತರಿಸಿ, ಮೇಲೊಂದು ತಗಡಿನ ಮುಚ್ಚಳ ಇಟ್ಟುಬಿಟ್ಟರೆ ಆಯಿತು. ಮುಚ್ಚಳ ಎತ್ತು, ತಂತಿ ಹಿಡಿಕೆಯ ಡಬ್ಬಿಯನ್ನು ಬರಿ ಪೈಪಿಗೆ ಒತ್ತಿಡು, ಚಹಾ ಕುದಿಯುತ್ತದೆ. ಮೇಲಿನವರಿಗೆ ಗೊತ್ತಿತ್ತು, ನೋಡದವರ ಹಾಗೆ ಇದ್ದರು. ಕಲ್ಲಿದ್ದಲಿನ ಕಾಲದ ಉಗಿ ಪೈಪಿನಿಂದ ಅಷ್ಟು ಬಿಸಿ ಹೋದರೆ ಏನೂ ನಷ್ಟವಿರಲಿಲ್ಲ. ಅಂಥ ಮೂವತ್ತೊಂದು ಕಿಟಕಿ, ಎಲ್ಲವೂ ಸುನಿಲ್ದಾ ಕೈಯವು.

ಇನ್ನು ಉಪ್ಪಿನ ಸ್ಥಾವರದ ಪರೀಕ್ಷೆ ನಡೆದ ಆ ವಾರದ ಕತೆಗೆ ಬರೋಣ. ಶುಕ್ರವಾರದೊಳಗೆ ಆರು ಗಂಟೆ ಸತತ ವಿದ್ಯುತ್ ಕೊಟ್ಟು ತೋರಿಸಬೇಕು, ಇಲ್ಲದಿದ್ದರೆ ಒಪ್ಪಂದ ರದ್ದು, ಸ್ಥಾವರ ಗುಜರಿಗೆ, ನೂರ ಎಂಬತ್ತು ಜನ ಮನೆಗೆ. ಮಂಗಳವಾರ ಬೆಳಿಗ್ಗೆ ಉಪ್ಪನ್ನು ಮೊದಲ ಸಲ ಪೈಪಿಗೆ ಬಿಟ್ಟರು. ನಿಧಾನವಾಗಿ ಹರಿಯುತ್ತಾ ಹೋಗಿದ್ದು ಎಲ್ಲೋ ಹೆಪ್ಪುಗಟ್ಟಿ ನಿಂತೇ ಹೋಯಿತು. ಶಾಖ ನೋಡುವ ಕ್ಯಾಮೆರಾ ಹಿಡಿದು ಎರಡು ದಿನ ಹುಡುಕಿದರೂ ಜಾಗ ಸಿಗಲಿಲ್ಲ. ಇಂಜಿನಿಯರ್ ಯೆರ್ಕೊ ಕಣ್ಣು ಕೆಂಪು ಮಾಡಿಕೊಂಡು ಬಂದ.

"ಮೇಸ್ತ್ರಿ, ಎಲ್ಲೋ ಹೊದಿಕೆ ಬಿಟ್ಟುಹೋಗಿದೆ."

"ನನ್ ಕೆಲಸದಲ್ಲಾ? ಒಂದೊಂದು ತಿರುವೂ ನಾನೇ ಮುಟ್ಟಿ ನೋಡಿದೀನಿ. ನಿನ್ ಪಂಪ್ ನೋಡ್ಕೋ ಹೋಗು!"

ಗುರುವಾರ ಬೆಳಿಗ್ಗೆ ಹತ್ತಕ್ಕೆ ಪಂಪಿನ ಹಿಂದಿನ ಬೆಂಚಿನಲ್ಲಿ ದೋನ್ ಕ್ಲೋದೊ ಕೂತಿದ್ದರು. ಮೂವತ್ತೆಂಟು ವರ್ಷ ಬಾಯ್ಲರ್ ಕಾದ ಮುದುಕ. ಕೈಯಲ್ಲಿ ಚಹಾದ ಡಬ್ಬಿ, ಮುಖದಲ್ಲಿ ಸಿಡುಕು.

"ಏನ್ ಮೇಸ್ತ್ರಿ, ವಯಸ್ಸಾಯ್ತಾ ನಿಂಗೆ? ಈ ಸಲದ ಕಿಟಕಿ ಸರಿಯಿಲ್ಲಮ್ಮ. ಮಂಗಳವಾರ ಕೊತಕೊತ ಕುದೀತಿತ್ತು, ಈಗ ನೋಡು, ಅರ್ಧ ಗಂಟೆ ಇಟ್ರೂ ಬರೀ ಬೆಚ್ಚಗೆ."

"ಯಾವ ಕಿಟಕಿ?"

ದೋನ್ ಕ್ಲೋದೊ ಬೆನ್ನ ಹಿಂದಿನ ಮುಚ್ಚಳ ಎತ್ತಿ ತೋರಿಸಿದರು.

ಸುನಿಲ್ದಾ ಬಗ್ಗಿ ನೋಡಿದರು. ಅಂಚು ಮಡಿಚಿದ ರೀತಿ ಇವರದ್ದೇ. ಬೇರೆ ಯಾರೂ ಹಾಗೆ ಮಡಿಚುವುದಿಲ್ಲ. ತಿಂಗಳ ಹಿಂದೆ, ಅವಸರದಲ್ಲಿ ಆ ಪೈಪು ಸುತ್ತುವಾಗ, ಬೆಂಚು ಕಂಡ ಕೂಡಲೇ ಕೈ ತನ್ನಷ್ಟಕ್ಕೆ ತಾನು ಕತ್ತರಿಸಿ ಬಿಟ್ಟಿದೆ. ತಲೆಗೆ ಸುದ್ದಿಯೇ ಇಲ್ಲ. ಮುಟ್ಟಿ ನೋಡುವಾಗಲೂ ಅಷ್ಟೇ, ಅಲ್ಲಿ ಬಿಸಿ ಬಡಿಯುವುದು ಇಪ್ಪತ್ತೇಳು ವರ್ಷದ ಮಾಮೂಲಿ. ಹೊಳೆಯುವ ತಗಡಿನ ಮುಚ್ಚಳ ಬಿಸಿಯನ್ನು ಬಚ್ಚಿಟ್ಟು ಕ್ಯಾಮೆರಾದ ಕಣ್ಣಿಗೂ ಮಣ್ಣೆರಚಿತ್ತು.

"ಮುಚ್ಚಿ ಸುಮ್ನಿರು," ಎಂದರು ದೋನ್ ಕ್ಲೋದೊ, ವಿಷಯ ಗೊತ್ತಾದ ಮೇಲೆ ಧ್ವನಿ ತಗ್ಗಿಸಿ. "ನಾನೂ ಬಾಯಿ ಬಿಡಲ್ಲ. ಕೆಲಸ ಹೋಗುತ್ತೆ ಕಣೇ ನಿಂದು."

"ಮುಚ್ಚಿದ್ರೆ ಒಳಗಿನ ಕಲ್ಲು ಕರಗುತ್ತಾ? ಎಲ್ಲರ್ದೂ ಹೋಗುತ್ತೆ. ಏಳಿ, ಜಾಗ ಬಿಡಿ."

ಸುನಿಲ್ದಾ ನೆಟ್ಟಗೆ ಯೆರ್ಕೊನ ಮುಂದೆ ಹೋಗಿ ನಿಂತರು. "ನಾನು ಅವತ್ತು ಹೇಳಿದ್ದು ತಪ್ಪು. ಜಾಗ ಸಿಕ್ತು. ಕಿಟಕಿ ಬಿಟ್ಟಿದ್ದು ನಾನೇ. ಬೈಯೋದಿದ್ರೆ ಆಮೇಲೆ ಬೈ, ಈಗ ಶಾಖದ ಕೇಬಲ್ ಕೊಡು."

ಹೆಪ್ಪುಗಟ್ಟಿದ ಉಪ್ಪನ್ನು ನಡುವಿನಿಂದ ಕಾಯಿಸಿದರೆ ಉಬ್ಬಿ ಪೈಪನ್ನೇ ಸೀಳಿಬಿಡುತ್ತದೆ. ತೆರೆದ ತುದಿಯಿಂದ ಗೇಣು ಗೇಣಾಗಿ ಬರಬೇಕು. ಸುನಿಲ್ದಾ ಹೊದಿಕೆ ಬಿಚ್ಚಿದರು, ಕೇಬಲ್ ಸುತ್ತಿದರು, ಮತ್ತೆ ಹೊದಿಸಿದರು. ಮುಂದಿನ ಗೇಣು. ಏಳು ಗಂಟೆ ಹೊತ್ತು ಊಟವಿಲ್ಲ, ಕೂತಿದ್ದಿಲ್ಲ. ದೋನ್ ಕ್ಲೋದೊ ಪೈಪಿಗೆ ಕಿವಿಗೊಟ್ಟು ಕೂತಿದ್ದರು. ಸಂಜೆ ಆರಕ್ಕೆ ಎದ್ದು ಕೂಗಿದರು: "ಬಂತು! ಹರೀತಿದೆ! ಗುಳುಗುಳು ಅಂತಿದೆ ಕಣ್ರೋ!" ಗಂಡಸರೆಲ್ಲ ಟೊಪ್ಪಿಗೆ ಎಸೆದು ಕುಣಿದರು. ಯೆರ್ಕೊ ಗೋಡೆಗೆ ಒರಗಿ ಅತ್ತೇಬಿಟ್ಟ. ಮರುದಿನ ಟರ್ಬೈನ್ ಆರಲ್ಲ, ಏಳು ಗಂಟೆ ತಿರುಗಿತು. ಹೊಗೆಯಿಲ್ಲದ ಚಿಮಣಿಯನ್ನು ನೋಡುತ್ತ ಊರಿಗೆ ಊರೇ ಬೀದಿಯಲ್ಲಿ ನಿಂತಿತ್ತು.

ಇದಾಗಿ ನಲವತ್ತು ದಿನ. ಮೊನ್ನೆ ಯೆರ್ಕೊ ಆ ವಾರದ ವರದಿ ಬರೆದು ತಂದ. 'ಒಂದು ಕಡೆ ಹೊದಿಕೆಯಲ್ಲಿ ಲೋಪ ಕಂಡುಬಂದು ಸರಿಪಡಿಸಲಾಯಿತು' ಎಂದಷ್ಟೇ ಇತ್ತು. ಹೆಸರಿಲ್ಲ. ಮೇಸ್ತ್ರಿಯನ್ನು ಉಳಿಸಬೇಕೆಂದೇ ಬಿಟ್ಟಿದ್ದ, ಒಳ್ಳೆಯ ಹುಡುಗ. ಸುನಿಲ್ದಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಹೆಸರಿಲ್ಲದ ತಪ್ಪು ಇಡೀ ತಂಡದ ತಲೆ ಮೇಲೆ ಕೂರುತ್ತೆ ಮಗಾ. ನನ್ ಹೆಸರು ಹಾಕು."

"ಮೇಸ್ತ್ರಿ, ಮೇಲಿನವ್ರು ನಿಮ್ಮನ್ನ ತೆಗೆದ್ರೆ?"

"ತೆಗೀಲಿ ನೋಡೋಣ. ಸರಿ ಮಾಡಿದ್ದು ಯಾರು ಅಂತಾನೂ ಹಾಕು. ಎರಡಕ್ಕೂ ಒಂದೇ ಹೆಸರು, ನಿಂಗೆ ಬರೆಯೋದು ಸುಲಭ."

ಯೆರ್ಕೊ ಬರೆದ. ಮೇಲಿನವರು ಓದಿದರು, ಸಹಿ ಹಾಕಿದರು, ಯಾರೂ ತೆಗೆಯಲಿಲ್ಲ. ಹಾಜರಿ ಪುಸ್ತಕ ಬಿಟ್ಟರೆ ಈ ಸ್ಥಾವರದ ಕಾಗದದಲ್ಲಿ ಸುನಿಲ್ದಾ ಅರಾಯಾ ಎಂಬ ಹೆಸರು ಬಂದಿರುವುದು ಇದೊಂದೇ ಕಡೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಗವಸು ಏರಿಸಿಕೊಳ್ಳುತ್ತಾರೆ.

"ಆ ವರದೀದು ಒಂದು ಜೆರಾಕ್ಸ್ ಸಿಕ್ಕಿದ್ರೆ ಚೆನ್ನಾಗಿತ್ತು," ಅನ್ನುತ್ತಾರೆ. "ಎರಡೂ ಸಾಲು ಸರಿಯಾಗಿ ಕಾಣೋ ಥರದ್ದು."