ಗ್ರಂಥಾಲಯದ ಬಾಗಿಲಲ್ಲಿ ಬಸ್ಸಿನ ಹಲಗೆ

"ಮೇಡಂ, ನಿಮ್ಮ ಬ್ರ್ಯಾಂಡ್ ಏನು?" ಎಂದು ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು ಕೇಳಿದರು. ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. "ಹದಿನಾಲ್ಕು ವರ್ಷದಿಂದ ಇದೇ ಕುರ್ಚಿ ಮೇಲೆ ಕೂತಿದೀನ್ರಿ. ಪುಸ್ತಕದ ಧೂಳು ಬಿಟ್ರೆ ನಂಗೆ ಬೇರೆ ಬ್ರ್ಯಾಂಡ್ ಇಲ್ಲ" ಎಂದೆ. ಹೀಗೆ ಅಲ್ಲೇ ಚುರುಕಾಗಿ ಹೇಳಿದೆನೋ, ಸಂಜೆ ಪಾತ್ರೆ ತೊಳೆಯುವಾಗ ಹೊಳೆದ ಮಾತನ್ನು ಈಗ ಮಧ್ಯಾಹ್ನಕ್ಕೆ ತಂದು ಸೇರಿಸುತ್ತಿದ್ದೇನೋ, ಖಚಿತವಿಲ್ಲ. ನನ್ನ ನೆನಪಿಗೆ ಈ ಚಾಳಿ ಇದೆ. ಅದು ನನ್ನನ್ನು ಇದ್ದದ್ದಕ್ಕಿಂತ ಸ್ವಲ್ಪ ಜಾಣೆ ಮಾಡಿ ತೋರಿಸುತ್ತದೆ.

ಆದರೆ ಮೇಷ್ಟ್ರ ಪ್ರಶ್ನೆ ತಮಾಷೆಯದಾಗಿರಲಿಲ್ಲ. ಶಿಕಾರಿಪುರದ ಆ ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಬರುವ ವರ್ಷದಿಂದ ಗ್ರಂಥಾಲಯವನ್ನು ಕಂಪ್ಯೂಟರ್ ಕೋಣೆಗೆ ಸೇರಿಸುವುದು, ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಎಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಬೀಗಕ್ಕೆ ಗ್ರಂಥಪಾಲಕಿ ಬೇಕಿಲ್ಲ. ಮೂರು ತಿಂಗಳೊಳಗೆ ನಾನು ಬೇರೆ ಕೆಲಸ ಹುಡುಕಿಕೊಳ್ಳಬೇಕಿತ್ತು. ನನಗೆ ನಲವತ್ನಾಲ್ಕು. ಹಿಂದಿನ ಸಲ ಕೆಲಸ ಹುಡುಕಿದಾಗ ಅರ್ಜಿಯನ್ನು ಕೈಯಲ್ಲಿ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೆ.

ಮೇಷ್ಟ್ರು ಕೆಲಸ ಬದಲಾಯಿಸುವುದು ಹೇಗೆ ಎಂಬ ಬಗ್ಗೆ ಆನ್‌ಲೈನಿನಲ್ಲಿ ಯಾವುದೋ ತರಬೇತಿ ಮುಗಿಸಿದ್ದರು. ಅವರ ಮೊದಲ ರೋಗಿ ನಾನು. ದಿನಕ್ಕೆ ಒಬ್ಬರಿಗಾದರೂ ನನಗೆ ಕೆಲಸ ಬೇಕು ಎಂದು ಹೇಳಬೇಕು, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಅದಕ್ಕೇ ನೆಟ್‌ವರ್ಕಿಂಗ್ ಅನ್ನುವುದು ಎಂದರು. ನಾಚಿಕೆ ಬಿಟ್ಟು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದ ಪರಿಚಯದ ಹೆಂಗಸೊಬ್ಬರಿಗೆ ಹೇಳಿದೆ. "ಅಯ್ಯೋ, ಕೆಲಸ ಹೋತೇನ್ರಿ!" ಎಂದು ಅವರು ಕೂಗಿದ್ದು ಕ್ಯಾಷಿಯರ್‌ಗೂ ಕೇಳಿಸಿತು. ಮಾರನೆಯ ದಿನ ತರಕಾರಿ ಮಾರುವವಳು ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕಿ, "ಧೈರ್ಯವಾಗಿರ್ರಿ ಮೇಡಂ, ದೇವ್ರು ಇದಾನೆ" ಎಂದಳು. ಮೊದಲ ವಾರ ನನ್ನ ನೆಟ್‌ವರ್ಕ್ ತಂದುಕೊಟ್ಟದ್ದು ಅಷ್ಟೇ. ಚಟ್ನಿ ಚೆನ್ನಾಗಿಯೇ ಆಯಿತು.

ಅದಾದ ಮೇಲೆ ಉದ್ಯೋಗದ ಜಾಲತಾಣದಲ್ಲಿ ಪ್ರೊಫೈಲ್ ಹಾಕುವ ಕೆಲಸ ಶುರುವಾಯಿತು. ಎಂ.ಎ., ಗ್ರಂಥಾಲಯ ವಿಜ್ಞಾನ, ಹದಿನಾಲ್ಕು ವರ್ಷದ ಅನುಭವ ಎಂದು ಬರೆದುಕೊಟ್ಟೆ. ಮೇಷ್ಟ್ರು ಮೂಗು ಮುರಿದರು. "ಇದು ರೇಷನ್ ಕಾರ್ಡ್ ಇದ್ದಂಗಿದೆ ಮೇಡಂ. ಒಂದು ಸ್ಟೋರಿ ಬೇಕು. ನೀವು ಏನಾದ್ರೂ ಮಾಡಿದೀರಾ, ಬೇರೆ ಯಾರೂ ಮಾಡದ್ದು?"

"ಬಸ್ಸಿನ ಹಲಗೆ?" ಎಂದೆ ಅನುಮಾನದಿಂದ.

ನಮ್ಮ ಕಾಲೇಜಿನ ಮಕ್ಕಳಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬರುವವರು. ತರಗತಿ ಒಂದೂವರೆಗೆ ಮುಗಿಯುತ್ತದೆ, ಊರಿನ ಬಸ್ಸು ಎರಡೂಮುಕ್ಕಾಲಿಗೋ ಮೂರೂವರೆಗೋ. ನಡುವೆ ಎಲ್ಲಿರಬೇಕು? ಗ್ರಂಥಾಲಯದ ಬಾಗಿಲ ಪಕ್ಕ ಒಂದು ಕಪ್ಪುಹಲಗೆ ತೂಗಿಹಾಕಿ, ಯಾವ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಬರೆಯುತ್ತಿದ್ದೆವು. ಮಕ್ಕಳು ಬಸ್ಸಿನ ಹೊತ್ತು ನೋಡಲು ಬಂದು, ಬಿಸಿಲು ತಾಳದೆ ಒಳಗೆ ಕೂತು, ಕೂತ ತಪ್ಪಿಗೆ ಓದತೊಡಗಿದ್ದರು. ಆರು ವರ್ಷದಿಂದ ನಡೆದುಬಂದದ್ದು.

ಮೇಷ್ಟ್ರು ಮೇಜು ಕುಟ್ಟಿದರು. "ಇದೇ ನಿಮ್ಮ ಬ್ರ್ಯಾಂಡ್! ಐಡಿಯಾ ಹೆಂಗೆ ಬಂತು? ಎಮೋಷನ್ ಇರ್ಲಿ."

ನಾನು ಯೋಚಿಸಿದೆ. ಬಸ್ಸು ತಪ್ಪಿ ಗ್ರಂಥಾಲಯದ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದ ಒಬ್ಬ ಹುಡುಗಿಯ ನೆನಪು ಬಂತು. ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿತ್ತು. ಅವಳ ಕಣ್ಣೀರು ನೋಡಿ ನನಗೆ ಹಲಗೆಯ ಯೋಚನೆ ಹೊಳೆಯಿತು ಎಂದು ಹೇಳಿದೆ. ಮೇಷ್ಟ್ರು ಅದನ್ನು ಹಾಗೆಯೇ ಬರೆದು, ನನ್ನನ್ನು ಪುಸ್ತಕದ ಕಪಾಟಿನ ಮುಂದೆ ಕೈಕಟ್ಟಿಸಿ ನಿಲ್ಲಿಸಿ ಫೋಟೋ ತೆಗೆದು, ತಾಣಕ್ಕೂ ನಾಲ್ಕಾರು ಮೊಬೈಲ್ ಗುಂಪುಗಳಿಗೂ ಹಾಕಿದರು. ಫೋಟೋದಲ್ಲಿ ನಾನು ಚುನಾವಣೆಗೆ ನಿಂತವಳ ಹಾಗಿದ್ದೆ.

ಮೂರು ವಾರದ ಮೇಲೆ ಸೊರಬದಿಂದ ಫೋನ್ ಬಂತು. ಅಲ್ಲಿನ ಒಂದು ಕಾಲೇಜಿನ ಪ್ರಿನ್ಸಿಪಾಲರು. ದನಿ ಮೃದುವಾಗಿತ್ತು. "ನೀವೇ ಅಲ್ವಾ ಬಸ್ಸಿನ ಬೋರ್ಡಿನ ಮೇಡಂ? ಸೋಮವಾರ ಸಂದರ್ಶನಕ್ಕೆ ಬನ್ನಿ. ಆ ಬೋರ್ಡಿಗೆ ಸಂಬಂಧಪಟ್ಟ ಹಳೇ ಫೋಟೋ ಗೀಟೋ ಇದ್ರೆ ತನ್ನಿ, ನಮ್ಮ ಸಮಿತಿಯವರು ನೋಡ್ಬೇಕಂತೆ."

ಫೋಟೋ ಇರಲಿಲ್ಲ. ಆದರೆ ನನ್ನ ಹತ್ತಿರ ಡೈರಿ ಇದೆ. ಓದುವ ಕಾಲದಿಂದ ಬರೆಯುತ್ತಿದ್ದೇನೆ, ನೆನಪನ್ನು ನಂಬುವುದಿಲ್ಲ ಎಂಬ ಕಾರಣಕ್ಕೇ. ಶನಿವಾರ ಮಧ್ಯಾಹ್ನ ಮಂಚದಡಿಯ ಟ್ರಂಕು ಎಳೆದು, ಆ ವರ್ಷದ ಪುಸ್ತಕ ಹುಡುಕಿ, ಪುಟ ತಿರುಗಿಸುತ್ತಾ ಕೂತೆ. ಅಳುವ ಹುಡುಗಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಇದು:

"ಇವತ್ತು ಅಟೆಂಡರ್ ಬಾಗಿಲ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬಸ್ಸಿನ ಟೈಮು ಬರೆದಿಟ್ಟಿದ್ದಾಳೆ. ಹುಡುಗರು ಕೇಳಿ ಕೇಳಿ ತಲೆ ತಿಂತಾರಂತೆ. ಬಣ್ಣ ಹೊಡೆಸಿ ವಾರ ಆಗಿಲ್ಲ. ಚೆನ್ನಾಗಿ ಬೈದೆ. ಅವಳ ಕೈಯಲ್ಲೇ ಒರೆಸಿಸಿದೆ."

ಎರಡು ಸಲ ಓದಿದೆ. ಅಕ್ಷರ ನನ್ನದೇ. ಮುಂದಿನ ಪುಟಗಳಲ್ಲಿ ಹಲ್ಲುನೋವು, ನೆಂಟರು, ಒಂದು ಮದುವೆ. ಹದಿನೈದು ದಿನದ ಮೇಲೆ ಒಂದೇ ಸಾಲು: "ಸ್ಟೋರ್ ರೂಮಿಂದ ಹಳೇ ಹಲಗೆ ತರಿಸಿ ಕಟ್ಟಿಸಿದ್ದಾಯಿತು." ಯಾಕೆ ಮನಸ್ಸು ಬದಲಾಯಿತು, ಪಶ್ಚಾತ್ತಾಪವೋ, ಗೋಡೆ ಉಳಿಸಿಕೊಳ್ಳುವ ಉಪಾಯವೋ, ಒಂದಕ್ಷರ ಇಲ್ಲ. ಆ ಪುಟದಿಂದ ಸಣ್ಣದೊಂದು ಚೀಟಿ ಜಾರಿ ಬಿತ್ತು. ಅದರಲ್ಲಿ ನನ್ನ ಕೈಬರಹದಲ್ಲಿ "ತೊಗರ್ಸಿ, ಎರಡೂಮುಕ್ಕಾಲು, ಪುಟ ೬೩" ಎಂದಿತ್ತು. ಅದನ್ನು ಮತ್ತೆ ಪುಸ್ತಕದೊಳಗೇ ಸಿಕ್ಕಿಸಿದೆ. ನನ್ನ ತಲೆಯಲ್ಲಿದ್ದದ್ದು ಬೇರೆ ಲೆಕ್ಕ. ನನ್ನನ್ನು ಸೊರಬಕ್ಕೆ ಕರೆಸಿದ ಒಂದೇ ಒಂದು ಸಾಲು ಸುಳ್ಳು. ಅದನ್ನು ಬಿಟ್ಟರೆ ನಾನು ಮತ್ತೆ ರೇಷನ್ ಕಾರ್ಡು. ಹಿಡಿದುಕೊಂಡರೆ ಇನ್ನೊಬ್ಬರದನ್ನು ಹೊತ್ತುಕೊಂಡು ಹೋಗಿ ಕೆಲಸ ಕೇಳಿದ ಹಾಗೆ. ಆ ಹುಡುಗಿಯ ರಿಬ್ಬನ್ ಮಾತ್ರ ಈಗಲೂ ನನ್ನ ಕಣ್ಣಿಗೆ ಕಾಣುತ್ತದೆ, ಕೆಂಪು.

ನಮ್ಮ ಗ್ರಂಥಾಲಯದ ಅಟೆಂಡರ್ ಅಕ್ಕನ ಮನೆ ತೊಗರ್ಸಿ ಎಂಬ ಹಳ್ಳಿಯಲ್ಲಿ. ಡೈರಿಯಲ್ಲಿ ಅವರನ್ನು ಏಕವಚನದಲ್ಲಿ ಬರೆದವಳು ಭಾನುವಾರ ಬೆಳಿಗ್ಗೆ ಬಹುವಚನದಲ್ಲಿ ಅವರ ಬಾಗಿಲಿಗೆ ಹೋಗಿ ನಿಂತೆ. ಅಕ್ಕ ಅಂಗಳದಲ್ಲಿ ಮೆಕ್ಕೆಜೋಳ ಒಣಹಾಕುತ್ತಿದ್ದರು.

"ಅಕ್ಕಾ, ಆ ಬಸ್ಸಿನ ಟೈಮು ಮೊದ್ಲು ಬರೆದಿದ್ದು ನೀವು. ನಾನು ಬೈದು ಒರೆಸಿಸಿದ್ದೆ."

"ನೀವಾ? ಬೈದ್ರಾ?" ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇಲ್ರಿ. ಬೈದಾಂವ ಆ ಹಳೇ ಕ್ಲರ್ಕು. ನೀವು ಹಲಗಿ ಕೊಟ್ಟು ನನ್ನ ಉಳಿಸಿದ್ರಿ."

"ಇಲ್ಲ ಅಕ್ಕ, ನಾನೇ. ಬರೆದಿಟ್ಟಿದೀನಿ."

"ಬರಕೊಂಡೀರಾ! ಬೈದಿದ್ದನ್ನೂ ಬರಕೋತಾರೇನ್ರಿ ಯಾರಾದ್ರೂ? ನಮ್ಮ ಅತ್ತಿ ಬೈದಿದ್ದು ನಾ ಬರಕೊಂಡಿದ್ರ ಒಂದು ಬೀರು ತುಂಬ್ತಿತ್ತು." ಅವರು ನಕ್ಕರು. ಹಲಗೆಯ ಮೇಲೆ ಆರು ವರ್ಷವೂ ಬರೆದದ್ದು ಅವರೇ ಎಂಬುದು ಆಗ ನನಗೆ ಹೊಳೆಯಿತು. ಪ್ರತಿ ಸೋಮವಾರ ಬಸ್ಸಿಳಿದ ಕೂಡಲೇ ಸ್ಟ್ಯಾಂಡಿನ ಕಂಟ್ರೋಲರನ್ನು ಕೇಳಿಕೊಂಡು ಬರುತ್ತಿದ್ದರು. ನಾನು ಆ ಹಲಗೆಯ ಮೇಲೆ ಒಂದು ಅಕ್ಷರವನ್ನೂ ಬರೆದವಳಲ್ಲ.

"ಅಳ್ತಾ ಕೂತಿದ್ದ ಹುಡುಗಿ ಒಬ್ಬಳು ನೆನಪಿದಾಳಾ? ಎರಡು ಜಡೆ?"

"ಯಾವ ಹುಡುಗಿ? ಬಸ್ಸು ತಪ್ಪಿದ್ರ ನಮ್ಮ ಹುಡುಗ್ಯಾರು ಅಳ್ತಾರೇನ್ರಿ? ಖುಷಿಯಿಂದ ಐಸ್‌ಕ್ರೀಮ್ ತಿನ್ನಾಕ ಹೋಗ್ತಾರ."

ನಾನು ನಾಳಿನ ಸಂದರ್ಶನದ ವಿಷಯ ಹೇಳಿದೆ. ಅಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. "ಕರೀತಾರ ಅಂತ ನಂಗೊತ್ತಿತ್ತು. ನಮ್ಮ ಮಗಳನ್ನ ಜಡೆ ಊರಿಗೆ ಕೊಟ್ಟೀವಲ್ರಿ, ಅಕಿ ನಾದಿನಿ ಆ ಸೊರಬದ ಕಾಲೇಜಿನಾಗ ಕಸ ಹೊಡೀತಾಳ. ಲೈಬ್ರರಿಗೆ ಜನ ಹುಡುಕ್ತಾರ ಅಂದ್ಲು. ನಮ್ಮ ಮೇಡಂ ಬಸ್ಸಿನ ಬೋರ್ಡ್ ಹಾಕ್ಸಿದಾರ, ಮಕ್ಕಳು ಓದ್ತಾವ, ಅಂತ ಪ್ರಿನ್ಸಿಪಾಲರಿಗೆ ಹೇಳು ಅಂದಿದ್ದೆ."

ಮೇಷ್ಟ್ರ ತಾಣ, ನನ್ನ ಕೈಕಟ್ಟಿದ ಫೋಟೋ, ಕಣ್ಣೀರು ಯಾವುದೂ ಆ ಫೋನಿಗಿಂತ ಮೊದಲು ಸೊರಬ ಮುಟ್ಟಿರಲಿಲ್ಲವೇನೋ. ಮುಟ್ಟಿದ್ದರೂ ಅಕ್ಕನ ಹಿಂದಿನ ಬಸ್ಸಿನಲ್ಲಿ. ಅಕ್ಕ ತಮ್ಮ ಐಡಿಯಾವನ್ನು ನನ್ನ ಹೆಸರಲ್ಲಿ ಊರೂರು ಹಂಚಿದ್ದರು, ಅದು ತಮ್ಮದೆಂಬ ಲೆಕ್ಕವೇ ಅವರಿಗಿರಲಿಲ್ಲ.

"ನಾಳೆ ನಾನು ಅಲ್ಲಿ ನಿಮ್ಮ ಹೆಸರು ಹೇಳ್ತೀನಿ."

"ಹೇಳ್ರಿ. ಆದ್ರ ಕೆಲಸ ನೀವೇ ತಗೊಳ್ರಿ. ದಿನಾ ಸೊರಬಕ್ಕ ಹೋಗಾಕ ನನ್ನ ಕೈಲಿ ಆಗಂಗಿಲ್ಲ."

ಸೋಮವಾರ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆ. ಮೇಜಿನ ಆಚೆ ಪ್ರಿನ್ಸಿಪಾಲರು, ನನ್ನದೇ ವಯಸ್ಸಿನ ಹೆಂಗಸು. ಪಕ್ಕದಲ್ಲಿ ಬಿಳಿ ಅಂಗಿಯ ಹಿರಿಯರು, ಆಡಳಿತ ಸಮಿತಿಯವರು. ಅವರ ಕೈಯಲ್ಲಿ ನನ್ನ ಪ್ರೊಫೈಲಿನ ಪ್ರಿಂಟ್ ಇತ್ತು. ಫೋನ್ ಬಂದ ದಿನವೇ ಅರ್ಜಿಯ ಜೊತೆ ನಾನೇ ಕಳಿಸಿದ್ದು.

"ಈ ಅಳ್ತಿದ್ದ ಹುಡುಗಿ ಈಗ ಎಲ್ಲಿದಾಳೆ ಮಾರಾಯ್ರೆ?" ಎಂದರು ಹಿರಿಯರು.

"ಇಲ್ಲ ಸರ್."

"ಇಲ್ಲ ಅಂದ್ರೆ? ಪಾಸಾಗಿ ಹೋದ್ಲಾ?"

"ಇರ್ಲೇ ಇಲ್ಲ ಅನ್ಸುತ್ತೆ ಸರ್."

ಅವರು ಕನ್ನಡಕ ತೆಗೆದರು. ನಾನು ಡೈರಿ ತೆರೆದು ಆ ಪುಟವನ್ನು ಗಟ್ಟಿಯಾಗಿ ಓದಿದೆ, ಬೈದದ್ದು, ಒರೆಸಿಸಿದ್ದು, ಎಲ್ಲ. ಬರೆದವರು ನಮ್ಮ ಅಟೆಂಡರ್ ಅಕ್ಕ ಎಂದೂ, ಆದರೆ ಅವರ ನೆನಪಿನಲ್ಲಿ ಕಥೆ ಬೇರೆಯೇ ಇದೆ ಎಂದೂ ಹೇಳಿದೆ.

"ಬಣ್ಣ ಹೊಡೆದು ವಾರ ಆಗಿರ್ಲಿಲ್ವಾ?" ಎಂದರು ಪ್ರಿನ್ಸಿಪಾಲರು.

"ಆಗಿರ್ಲಿಲ್ಲ."

"ನಾನಾದ್ರೂ ಒರೆಸ್ತಿದ್ದೆ ಬಿಡಿ."

ಹಿರಿಯರು ಬಿಡಲಿಲ್ಲ. "ಹಂಗಾದ್ರೆ ಇದ್ರಲ್ಲಿ ನಿಮ್ಮ ಪಾಲಿನದ್ದು ಎಂತ?"

ತೆರೆದ ಡೈರಿಯಲ್ಲಿ ಆ ಚೀಟಿ ಕಂಡಿತು. ಅದನ್ನೇ ಮೇಜಿನ ಮೇಲಿಟ್ಟು ವಿಷಯ ಹೇಳಿದೆ. ಬಸ್ಸು ಬಂತೆಂದು ಮಕ್ಕಳು ಪುಸ್ತಕವನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ನಾಳೆ ಬೇರೆಯವರ ಕೈಗೆ ಹೋಗದಿರಲಿ ಎಂದು ಕೆಲವರು ಅದನ್ನು ದಪ್ಪ ನಿಘಂಟುಗಳ ಹಿಂದೆ ಅಡಗಿಸಿಡುತ್ತಿದ್ದರು. ಅಡಗಿಸಬೇಡಿ, ನಾನೇ ತೆಗೆದಿಡುತ್ತೇನೆ ಎಂದು ಹೇಳಿ ಒಂದೊಂದು ಪುಸ್ತಕಕ್ಕೂ ಊರು, ಬಸ್ಸು, ಪುಟ ಬರೆದ ಚೀಟಿ ಇಟ್ಟು ಕಿಟಕಿಯ ಬಳಿ ಸಾಲಾಗಿ ಜೋಡಿಸುತ್ತಿದ್ದೆ. ಮಾರನೆಯ ದಿನ ಅವರು ಬಂದು ತಮ್ಮ ಬಸ್ಸಿನ ಸಾಲಿನಿಂದ ಎತ್ತಿಕೊಳ್ಳುತ್ತಿದ್ದರು. ಇದನ್ನು ನಾನು ಮೇಷ್ಟ್ರಿಗೆ ಹೇಳಿರಲೇ ಇಲ್ಲ. ದಿನಾ ಮಾಡುವುದನ್ನು ಸಾಧನೆ ಅಂತ ಯಾರು ಅಂದುಕೊಳ್ಳುತ್ತಾರೆ?

ಹಿರಿಯರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಓಹೋ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಂಗೆ ಅನ್ನಿ."

"ಹಂಗೇ ಸರ್."

"ಟವೆಲ್ ಹಾಕಿದ್ದನ್ನ ತೆಗೆದು ಕೂತ್ಕೊಳ್ಳೋರೂ ಇರ್ತಾರಲ್ಲ?"

"ಇರ್ತಾರೆ. ಅವರ ಜೊತೆ ನಾನು ಜಗಳ ಮಾಡ್ತೀನಿ."

ಪ್ರಿನ್ಸಿಪಾಲರು ನಕ್ಕರು. ಆಮೇಲೆ ಇಬ್ಬರೂ ಆನವಟ್ಟಿಗೆ ಹೋಗುವ ಮಧ್ಯಾಹ್ನದ ಬಸ್ಸು ಎರಡಕ್ಕೋ ಎರಡೂಕಾಲಿಗೋ ಎಂದು ವಾದಕ್ಕಿಳಿದರು. ನಾನಿದ್ದೇನೆ ಎಂಬುದನ್ನು ಸ್ವಲ್ಪ ಹೊತ್ತು ಮರೆತೇಬಿಟ್ಟರು.

ಹತ್ತು ದಿನದ ಮೇಲೆ ಕೆಲಸ ಸಿಕ್ಕಿತೆಂದು ಫೋನ್ ಬಂತು. ನಿಜ ಹೇಳಿದ್ದಕ್ಕೇ ಸಿಕ್ಕಿತು ಎಂದು ಬರೆಯಲು ಕೈ ತುರಿಸುತ್ತದೆ. ಹಾಗೆ ಬರೆದರೆ ಅದೂ ಇನ್ನೊಂದು ರಿಬ್ಬನ್ ಆದೀತು. ಬೇರೆ ಯಾರು ಬಂದಿದ್ದರು, ಅವರು ಎಷ್ಟು ಸಂಬಳ ಕೇಳಿದರು, ನನಗೆ ಗೊತ್ತಿಲ್ಲ. ಪ್ರೊಫೈಲಿನಿಂದ ಹುಡುಗಿಯನ್ನು ತೆಗೆಸಿ ಅಕ್ಕನನ್ನು ಸೇರಿಸಿದೆ. ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಕಣ್ಣೀರೇ ಹೋಯ್ತಲ್ಲ ಮೇಡಂ. ಇನ್ನೇನು ಉಳೀತು?"

"ಸೀಮೆಸುಣ್ಣ ಉಳೀತಲ್ರಿ."

ಅವರಿಗೆ ಅದು ಹಿಡಿಸಲಿಲ್ಲ. ಈಗ ಅವರೂ ಬೇರೆ ಕೆಲಸ ಹುಡುಕುತ್ತಿದ್ದಾರೆ. ದಿನಕ್ಕೊಬ್ಬರಿಗೆ ಹೇಳುತ್ತಿದ್ದಾರಂತೆ. ಕೊತ್ತಂಬರಿ ಸಿಕ್ಕಿತಾ ಎಂದು ಕೇಳಬೇಕು.

ಸೊರಬಕ್ಕೆ ಸೇರಿದ ಮೊದಲ ವಾರವೇ ಹಲಗೆ ಕೊಡಿಸಿ ಎಂದು ಕೇಳಿದೆ. ಕೊಟ್ಟರು. ಈ ಸಲ ನಾನೇ ಬಸ್ ಸ್ಟ್ಯಾಂಡಿಗೆ ಹೋಗಿ, ವಿಚಾರಿಸಿ, ನನ್ನ ಕೈಯಲ್ಲೇ ದುಂಡು ಅಕ್ಷರಗಳಲ್ಲಿ ಬರೆದೆ. ತುಸು ಹೆಮ್ಮೆಯಿಂದ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವರ ಫೋನ್ ಬಂತು.

"ಮೇಡಂ, ಜಡೆ ಬಸ್ಸು ಎಷ್ಟಕ್ಕ ಬರದೀರಿ?"

"ಮೂರೂವರೆಗೆ ಅಕ್ಕ."

"ತಪ್ಪೈತಿ. ನನ್ನ ಮಗಳು ನಿನ್ನಿ ಮೂರೂಕಾಲಿಗೆ ಹತ್ಯಾಳ. ಮಕ್ಕಳಿಗೆ ಬಸ್ಸು ತಪ್ಪಿಸ್ತೀರೇನು? ಒರಸ್ರಿ ಮೊದ್ಲು ಅದನ್ನ."

"ಒರೆಸ್ತೀನಿ ಅಕ್ಕ."

"ಈಗ್ಲೇ ಒರಸ್ರಿ. ನಾ ಲೈನಿನಾಗ ಇರ್ತೀನಿ."

ಬಟ್ಟೆ ಹತ್ತಿರದಲ್ಲಿರಲಿಲ್ಲ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಂಗೈಯಲ್ಲೇ ಒರೆಸಿದೆ.